ತಂಬ್‌ನೇಲ್, ಶೀರ್ಷಿಕೆ ಹೇಗಿರಬೇಕು? ಯೂಟ್ಯೂಬ್‌ಗೆ ಇಳಿಯುವ ಯುವಕರು ತಿಳಿದಿರಬೇಕಾದ ವಿಷಯಗಳು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಅನೇಕ ಯುವಕರು ಈಗ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದಾರೆ. ಕೆಲವರದ್ದು ಅಡುಗೆ, ಕೆಲವರದ್ದು ವ್ಯಾಪಾರ, ಇನ್ನು ಕೆಲವರದ್ದು ಊರಿನ ಸುದ್ದಿ. ಎರಡು ದಿನ ಕೂತು ಎಡಿಟ್ ಮಾಡ್ತಾರೆ, ಆದರೆ ತಂಬ್‌ನೇಲ್‌ಗೆ ಎರಡು ನಿಮಿಷ ಕೊಡುವುದಿಲ್ಲ. ಆಮೇಲೆ "ಯಾರೂ ನೋಡುವುದಿಲ್ಲ ಮಾರಾಯ" ಅಂತ ಬೇಸರ.

ನಾನು ಬಿಕಾಂ ಮುಗಿಸಿ ಸಣ್ಣ ಬಟ್ಟೆ ಅಂಗಡಿ ಇಟ್ಟವನು. ಅಂಗಡಿಗಾಗಿ ವಿಡಿಯೋ ಮಾಡ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ತಂಬ್‌ನೇಲ್ ಎಂದರೆ ಅಂಗಡಿಯ ಶೋಕೇಸ್, ಶೀರ್ಷಿಕೆ ಎಂದರೆ ಬೋರ್ಡ್. ರಸ್ತೆಯಲ್ಲಿ ಹೋಗುವವರನ್ನು ಒಳಗೆ ಕರೆಯುವುದು ಇವೆರಡೇ.

ಅಳತೆ ಮತ್ತು ತಯಾರಿ

ತಂಬ್‌ನೇಲ್‌ಗೆ 1280 x 720 ಪಿಕ್ಸೆಲ್ ಅಳತೆ ಸಾಕು. ಅಗಲ, ಎತ್ತರದ ಅನುಪಾತ 16:9. ಜೆಪಿಜಿ ಅಥವಾ ಪಿಎನ್‌ಜಿ ಫೈಲ್ 2 ಎಂಬಿ ಒಳಗಿದ್ದರೆ ಫೋನ್‌ನಿಂದಲೂ ಸುಲಭವಾಗಿ ಹಾಕಬಹುದು. ನಮ್ಮದೇ ಚಿತ್ರ ಹಾಕಬೇಕಾದರೆ ಮೊದಲು ಚಾನೆಲ್‌ಗೆ ಫೋನ್ ನಂಬರ್ ದೃಢೀಕರಣ ಆಗಿರಬೇಕು. ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ.

ವಿಡಿಯೋದಿಂದ ಸ್ಕ್ರೀನ್‌ಶಾಟ್ ತೆಗೆದರೆ ಚಿತ್ರ ಮಸುಕಾಗ್ತದೆ. ಶೂಟಿಂಗ್ ದಿನವೇ ತಂಬ್‌ನೇಲ್‌ಗೆ ಅಂತ ನಾಲ್ಕೈದು ಫೋಟೋ ಬೇರೆಯಾಗಿ ತೆಗೆದಿಡಿ. ಶಾರ್ಟ್ಸ್‌ನ ಕ್ರಮ ಬೇರೆ. ಅದರಲ್ಲಿ ಅಪ್‌ಲೋಡ್ ಮಾಡುವಾಗ ವಿಡಿಯೋದ ಒಂದು ಫ್ರೇಮನ್ನೇ ಆರಿಸಬೇಕಾಗ್ತದೆ. ಹಾಗಾಗಿ ಒಂದು ಚಂದದ ಫ್ರೇಮ್ ವಿಡಿಯೋದೊಳಗೇ ಇರುವಂತೆ ನೋಡಿಕೊಳ್ಳಿ.

ಚಿತ್ರದಲ್ಲಿ ಏನಿರಬೇಕು?

ಒಂದು ತಂಬ್‌ನೇಲ್‌ನಲ್ಲಿ ಒಂದೇ ವಿಷಯ ಇರಲಿ. ಪತ್ತಿರಿಯ ವಿಡಿಯೋ ಆದರೆ ಪತ್ತಿರಿ ದೊಡ್ಡದಾಗಿ ಕಾಣಲಿ. ಅಡುಗೆಮನೆ, ಗ್ಯಾಸ್ ಒಲೆ, ಹಿಂದಿನ ಕ್ಯಾಲೆಂಡರ್ ಯಾವುದೂ ಬೇಡ. ಹಿನ್ನೆಲೆ ಗಾಢವಾಗಿದ್ದರೆ ಅಕ್ಷರ ಬಿಳಿ ಅಥವಾ ಹಳದಿ, ಹಿನ್ನೆಲೆ ತಿಳಿಯಾಗಿದ್ದರೆ ಅಕ್ಷರ ಕಪ್ಪು ಇರಲಿ. ಕೆಳಗಿನ ಬಲ ಮೂಲೆಯಲ್ಲಿ ಯೂಟ್ಯೂಬ್ ವಿಡಿಯೋದ ಅವಧಿ ತೋರಿಸ್ತದೆ, ಅಲ್ಲಿ ಏನು ಬರೆದರೂ ಮುಚ್ಚಿಹೋಗ್ತದೆ.

ತಯಾರಾದ ಮೇಲೆ ಫೋನಿನ ಗ್ಯಾಲರಿಯಲ್ಲಿ ಸಣ್ಣದು ಮಾಡಿ ಕೈ ದೂರದಿಂದ ನೋಡಿ. ಆಗಲೂ ವಿಷಯ ಗೊತ್ತಾದರೆ ಸರಿ, ಇಲ್ಲದಿದ್ದರೆ ಪುನಃ ಮಾಡಿ.

ಕನ್ನಡ ಅಕ್ಷರದ ಕಷ್ಟ

ಇಂಗ್ಲಿಷ್ ಅಕ್ಷರಕ್ಕೆ ಒತ್ತು ಇಲ್ಲ, ನಮ್ಮದಕ್ಕೆ ಉಂಟು. ಸಣ್ಣ ಗಾತ್ರದಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿ ಕಲೆಯ ಹಾಗೆ ಕಾಣ್ತದೆ. ಹಾಗಾಗಿ ಮೂರು ನಾಲ್ಕು ಪದ ಮಾತ್ರ ಬರೆಯಿರಿ, ಎರಡು ಸಾಲಿನ ನಡುವೆ ಜಾಗ ಬಿಡಿ. "ಅತ್ಯುತ್ಕೃಷ್ಟ" ಬೇಡ, "ಒಳ್ಳೆಯ" ಸಾಕು. ಬಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುವ ಯುನಿಕೋಡ್ ಫಾಂಟ್‌ಗಳು. ಇವುಗಳ ದಪ್ಪ ಅಕ್ಷರ ಸ್ಪಷ್ಟವಾಗಿ ಕಾಣ್ತದೆ. ಯುನಿಕೋಡ್ ಅಲ್ಲದ ಹಳೆಯ ಡಿಟಿಪಿ ಫಾಂಟ್ ಹಾಕಿದರೆ ಫೋನ್‌ನಲ್ಲಿ ಟೈಪ್ ಮಾಡಿದ್ದು ಅದರಲ್ಲಿ ಸರಿಯಾಗಿ ಮೂಡುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಒತ್ತು ಒಡೆದು ಬರುವುದೂ ಉಂಟು. ಸೇವ್ ಮಾಡುವ ಮೊದಲು ಓದಿ ನೋಡಿ.

ಶೀರ್ಷಿಕೆ ಬರೆಯುವುದು

ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಉಂಟು. ಕನ್ನಡದ ಕೊಂಬು, ದೀರ್ಘ, ಒತ್ತುಗಳೂ ಈ ಲೆಕ್ಕದಲ್ಲಿ ಸೇರುವುದರಿಂದ ಮಿತಿ ಬೇಗ ಮುಗೀತದೆ. ಮೇಲಾಗಿ ಫೋನ್ ಪರದೆಯಲ್ಲಿ ಉದ್ದದ ಶೀರ್ಷಿಕೆಯ ಕೊನೆ ಕಾಣುವುದೇ ಇಲ್ಲ. ಆದ್ದರಿಂದ ಮುಖ್ಯ ಮಾತು ಮೊದಲು ಬರಲಿ, ಚಾನೆಲ್ ಹೆಸರು ಬೇಡ.

"ಹೊಸ ವಿಡಿಯೋ, ಎಲ್ಲರೂ ನೋಡಿ ಶೇರ್ ಮಾಡಿ" ಎಂದರೆ ನೋಡುವವನಿಗೆ ಏನು ಲಾಭ? "ಪೆರ್ನಾಲ್‌ಗೆ ಮಕ್ಕಳ ಬಟ್ಟೆ: 500 ರೂಪಾಯಿ ಒಳಗೆ 6 ಬಗೆ" ಎಂದರೆ ಯಾರಿಗೆ, ಏನು, ಎಷ್ಟಕ್ಕೆ ಎಲ್ಲವೂ ಗೊತ್ತಾಯ್ತು. "ಪತ್ತಿರಿ ರೆಸಿಪಿ" ಎಂಬುದಕ್ಕಿಂತ "ಪತ್ತಿರಿ ಗಟ್ಟಿಯಾಗ್ತದಾ? ಹಿಟ್ಟು ಹೀಗೆ ಕಲಸಿ" ಎಂಬುದು ವಾಸಿ, ಯಾಕೆಂದರೆ ಅದು ಮನೆಯವರ ನಿಜವಾದ ಕಷ್ಟ. ಶೀರ್ಷಿಕೆಯಲ್ಲಿ ಇದ್ದದ್ದನ್ನೇ ತಂಬ್‌ನೇಲ್‌ನಲ್ಲಿ ಪುನಃ ಬರೆಯಬೇಡಿ. ಒಂದು ಪ್ರಶ್ನೆ ಕೇಳಿದರೆ ಇನ್ನೊಂದು ಉತ್ತರದ ಗುಟುಕು ತೋರಿಸಲಿ.

ಗಡಿನಾಡಿನ ನಮಗೆ ಭಾಷೆಯ ಪ್ರಶ್ನೆಯೂ ಉಂಟು. ಮಾತು ಬ್ಯಾರಿ, ಕಲಿತದ್ದು ಕನ್ನಡ, ಪಕ್ಕದ ಮನೆಯ ಮಗು ಓದುವುದು ಮಲಯಾಳ. ಎಲ್ಲ ಲಿಪಿಯನ್ನೂ ಒಂದೇ ಚಿತ್ರಕ್ಕೆ ತುರುಕಿದರೆ ಯಾರಿಗೂ ಓದಲಿಕ್ಕಾಗುವುದಿಲ್ಲ. ನಾನು ತಂಬ್‌ನೇಲ್ ಕನ್ನಡದಲ್ಲೇ ಇಟ್ಟು, ಶೀರ್ಷಿಕೆಯ ಕೊನೆಗೆ ಊರಿನ ಮತ್ತು ವಸ್ತುವಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸ್ತೇನೆ. ಹುಡುಕುವಾಗ ಬಹಳ ಜನ ಇಂಗ್ಲಿಷ್ ಅಕ್ಷರವನ್ನೇ ಒತ್ತುತ್ತಾರಲ್ವಾ? ಬೇರೆ ಭಾಷೆಯ ಶೀರ್ಷಿಕೆಯನ್ನು ಪ್ರತ್ಯೇಕವಾಗಿ ಸೇರಿಸುವ ಸೌಲಭ್ಯ ಯೂಟ್ಯೂಬ್ ಸ್ಟುಡಿಯೋದಲ್ಲಿ ಉಂಟು. ಮಲಯಾಳಕ್ಕೆ ಅದನ್ನು ಬಳಸಬಹುದು.

ನಾನು ಮಾಡಿದ ತಪ್ಪು

ಒಂದು ವರ್ಷ ವ್ಯಾಪಾರ ಇಲ್ಲದ ಸಮಯದಲ್ಲಿ "ಅಂಗಡಿ ಬಂದ್ ಮಾಡ್ತಿದ್ದೇವೆ!" ಅಂತ ಶೀರ್ಷಿಕೆ ಕೊಟ್ಟು, ತಲೆಗೆ ಕೈ ಇಟ್ಟು ಕೂತ ಫೋಟೋ ಹಾಕಿದೆ. ಒಳಗೆ ಇದ್ದದ್ದು ಹಳೆ ಸ್ಟಾಕ್‌ನ ರಿಯಾಯಿತಿ ಮಾತ್ರ. ಕ್ಲಿಕ್ ಬಂತು, ಅಷ್ಟು ಯಾವತ್ತೂ ಬಂದದ್ದಿಲ್ಲ. ಸಂಜೆಗೆ ದುಬೈಯಿಂದ ಬಾವನ ಫೋನ್: "ಎಂತ ಆಯ್ತು, ಸಾಲ ಎಷ್ಟುಂಟು?" ಮರುದಿನ ಬೆಳಿಗ್ಗೆ ಹೋಲ್‌ಸೇಲ್‌ನವರು ಬಾಕಿ ಕೇಳಿದರು. ಉಮ್ಮನಿಗೆ ವಿಷಯ ಗೊತ್ತಾದದ್ದು ನೆರೆಮನೆಯವರ ಬಾಯಿಂದ. ಉಮ್ಮ ಆ ರಾತ್ರಿ ಊಟ ಮಾಡ್ಲಿಲ್ಲ.

ಸ್ಟುಡಿಯೋ ತೆರೆದು ಲೆಕ್ಕ ನೋಡಿದರೆ ಬಂದವರಲ್ಲಿ ಹೆಚ್ಚಿನವರು ಅರ್ಧ ನಿಮಿಷದೊಳಗೆ ಹೊರಗೆ ಹೋಗಿದ್ದರು. ವಿಡಿಯೋ ಅಳಿಸಿದೆ. ಆದರೆ ಮುಂದೆ ಕೆಲವು ತಿಂಗಳು ನಿಜವಾದ ರಿಯಾಯಿತಿ ಹಾಕಿದಾಗಲೂ ಜನ "ಇದೂ ಹಾಗೆಯೇ ಅಲ್ವಾ?" ಅಂತ ನಕ್ಕರು.

ಊರಿನ ಸುದ್ದಿ ಹಾಕುವವರು ಇನ್ನೂ ಜಾಗ್ರತೆ ವಹಿಸಬೇಕು. ಅಪಘಾತದ ಫೋಟೋ ತಂಬ್‌ನೇಲ್ ಆದರೆ, ಗಲ್ಫ್‌ನಲ್ಲಿರುವ ಮಗನಿಗೆ ಮನೆಯವರ ಫೋನ್ ಬರುವ ಮೊದಲು ಆ ಚಿತ್ರ ತಲುಪಬಹುದು. ಮದುವೆ ಮನೆಯಲ್ಲಿ ತೆಗೆದ ಹೆಂಗಸರ, ಮಕ್ಕಳ ಚಿತ್ರವನ್ನು ಮನೆಯವರ ಒಪ್ಪಿಗೆ ಇಲ್ಲದೆ ಹಾಕಲೇಬೇಡಿ.

ಯೂಟ್ಯೂಬ್ ಕೂಡ ಇದನ್ನು ಗಮನಿಸ್ತದೆ. 2012ರಲ್ಲೇ ಅದು ಬರೀ ಕ್ಲಿಕ್ ಬಿಟ್ಟು, ಜನ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ತೂಕ ಕೊಡಲು ಶುರು ಮಾಡಿತು. 2024ರ ಡಿಸೆಂಬರ್‌ನಲ್ಲಿ, ಒಳಗೆ ಇಲ್ಲದ್ದನ್ನು ಶೀರ್ಷಿಕೆ, ತಂಬ್‌ನೇಲ್‌ನಲ್ಲಿ ತೋರಿಸುವ ವಿಡಿಯೋಗಳ ಮೇಲೆ, ಅದರಲ್ಲೂ ಸುದ್ದಿ ವಿಡಿಯೋಗಳ ಮೇಲೆ, ಭಾರತದಲ್ಲಿ ಕ್ರಮ ಬಿಗಿ ಮಾಡುವುದಾಗಿ ಹೇಳಿತು.

ಲೆಕ್ಕ ನೋಡುವುದು ಹೇಗೆ?

ಸ್ಟುಡಿಯೋದ ಅನಾಲಿಟಿಕ್ಸ್‌ನಲ್ಲಿ ಎರಡು ಅಂಕಿ ನೋಡಿ. ಒಂದು ಕ್ಲಿಕ್ ಪ್ರಮಾಣ: ತಂಬ್‌ನೇಲ್ 1000 ಸಲ ಕಂಡು 50 ಜನ ಒತ್ತಿದರೆ ಶೇ. 5. ಅರ್ಧದಷ್ಟು ಚಾನೆಲ್‌ಗಳ ಪ್ರಮಾಣ ಶೇ. 2ರಿಂದ 10ರ ನಡುವೆ ಇರ್ತದೆ ಎಂದು ಯೂಟ್ಯೂಬ್ ಹೇಳ್ತದೆ. ಇನ್ನೊಂದು ಸರಾಸರಿ ವೀಕ್ಷಣೆಯ ಅವಧಿ. ಕ್ಲಿಕ್ ಕಡಿಮೆ, ಬಂದವರು ಕೂತು ನೋಡಿದ್ದಾರೆ ಎಂದರೆ ಮಾಲು ಒಳ್ಳೆಯದು, ಬೋರ್ಡ್ ಬದಲಿಸಿ. ಕ್ಲಿಕ್ ಜಾಸ್ತಿ, ಎಲ್ಲರೂ ಬೇಗ ಹೋದರು ಎಂದರೆ ಬೋರ್ಡ್ ಸುಳ್ಳು ಹೇಳಿದೆ, ಅಥವಾ ವಿಡಿಯೋದ ಶುರುವೇ ಬೋರ್ ಆಗಿದೆ.

ಕಂಪ್ಯೂಟರ್‌ನಲ್ಲಿ ಸ್ಟುಡಿಯೋ ತೆರೆದರೆ ಒಂದೇ ವಿಡಿಯೋಗೆ ಮೂರು ತಂಬ್‌ನೇಲ್‌ವರೆಗೆ ಹಾಕಿ ಪರೀಕ್ಷಿಸುವ ಸೌಲಭ್ಯವೂ ಉಂಟು. ಅದರಲ್ಲಿ ಗೆಲ್ಲುವುದು ಹೆಚ್ಚು ಕ್ಲಿಕ್ ಬಂದ ಚಿತ್ರ ಅಲ್ಲ, ಹೆಚ್ಚು ಹೊತ್ತು ನೋಡಿಸಿದ ಚಿತ್ರ.

ಅಪ್‌ಲೋಡ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಶೀರ್ಷಿಕೆ ನೋಡಿ ಬಂದವರು ನಾಳೆ ಪೇಟೆಯಲ್ಲಿ ಎದುರು ಸಿಕ್ಕಿದರೆ ನಾನು ಮುಖ ಎತ್ತಿ ಮಾತಾಡ್ತೇನಾ? ಹೌದು ಎಂದಾದರೆ ಧೈರ್ಯವಾಗಿ ಹಾಕಿ.