ನೂರು ಕೋಟಿ ಮುಖಗವಸುಗಳು ಎಲ್ಲಿ ಹೋದವು?

2020ರ ಮಾರ್ಚ್ ತಿಂಗಳ ಮೊದಲ ವಾರ. ಫ್ರಾನ್ಸಿನ ಮಾರ್ಸೇಲ್ ನಗರದ ಆಸ್ಪತ್ರೆಯೊಂದರಲ್ಲಿ ಕಳ್ಳತನವಾಯಿತು. ಕಳವಾದದ್ದು ಶಸ್ತ್ರಚಿಕಿತ್ಸೆಯ ವೇಳೆ ವೈದ್ಯರು ಧರಿಸುವ ಸುಮಾರು 2,000 ಮುಖಗವಸುಗಳು. ಕೆಲವೇ ವಾರಗಳ ಹಿಂದೆ ಒಮ್ಮೆ ಬಳಸಿ ಕಸದ ಬುಟ್ಟಿಗೆ ಎಸೆಯುತ್ತಿದ್ದ ಈ ವಸ್ತುವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕಾಯಬೇಕಾದ ಕಾಲ ಬಂದಿತ್ತು. ಕೊರೊನಾ ಸೋಂಕು ಹರಡುತ್ತಿದ್ದಂತೆ ಊರೂರಿನ ವೈದ್ಯರು, ದಾದಿಯರು, ವೃದ್ಧಾಶ್ರಮಗಳ ಸಿಬ್ಬಂದಿ ಮುಖಗವಸಿಗಾಗಿ ಸರ್ಕಾರದ ಮುಂದೆ ಕೈ ಚಾಚಿ ನಿಂತಿದ್ದರು.

ಫ್ರಾನ್ಸ್ ಬಡ ದೇಶವೇನಲ್ಲ. ಇಂಥ ದಿನ ಬರಬಹುದೆಂದು ಊಹಿಸಿ ಮುಂಚಿತವಾಗಿಯೇ ಸಿದ್ಧತೆ ಮಾಡಿಕೊಂಡಿದ್ದ ದೇಶವದು. 2010ರ ಸುಮಾರಿಗೆ ಅಲ್ಲಿನ ಸರ್ಕಾರದ ಉಗ್ರಾಣಗಳಲ್ಲಿ ಸುಮಾರು 100 ಕೋಟಿ ಸಾಮಾನ್ಯ ಶಸ್ತ್ರಚಿಕಿತ್ಸಾ ಮುಖಗವಸುಗಳಿದ್ದವು. ಅವಲ್ಲದೆ, ಹೆಚ್ಚಿನ ರಕ್ಷಣೆ ಕೊಡುವ ಎಫ್‌ಎಫ್‌ಪಿ2 ಮುಖಗವಸುಗಳು 60 ಕೋಟಿಯಷ್ಟಿದ್ದವು. ನಮ್ಮಲ್ಲಿ ಎನ್-95 ಎಂದು ಹೆಸರಾಗಿರುವ ಮಾಸ್ಕಿಗೆ ಹೆಚ್ಚುಕಡಿಮೆ ಸಮನಾದುದು ಇದು. ಹತ್ತು ವರ್ಷ ಕಳೆದು 2020 ಬರುವ ಹೊತ್ತಿಗೆ ದೊಡ್ಡವರು ಧರಿಸುವಂಥ ಸಾಮಾನ್ಯ ಮುಖಗವಸು ಉಳಿದಿದ್ದುದು 11.7 ಕೋಟಿ. ಎಫ್‌ಎಫ್‌ಪಿ2 ಒಂದೂ ಇರಲಿಲ್ಲ. ಮಾರ್ಚ್ ತಿಂಗಳ ಅಂದಾಜಿನಂತೆ ವಾರಕ್ಕೆ ಬೇಕಿದ್ದುದು 2.4 ಕೋಟಿ. ಅಂದರೆ ಐದು ವಾರಕ್ಕೂ ಸಾಲದ ದಾಸ್ತಾನು.

ಹಾಗಾದರೆ ಉಳಿದವೆಲ್ಲ ಎಲ್ಲಿ ಹೋದವು? ನಂತರ ಸಂಸತ್ತಿನ ಎರಡೂ ಸದನಗಳು ವಿಚಾರಣೆ ನಡೆಸಿ ಇದಕ್ಕೆ ಉತ್ತರ ಹುಡುಕಿದವು. ಒಬ್ಬರನ್ನೇ ಬೊಟ್ಟು ಮಾಡಿ ತೋರಿಸುವಷ್ಟು ಸರಳವಾದ ಉತ್ತರ ಅದಾಗಿರಲಿಲ್ಲ. ಹದಿನೈದು ವರ್ಷಗಳಲ್ಲಿ ತೆಗೆದುಕೊಂಡ ಹಲವು ತೀರ್ಮಾನಗಳು, ಆಯಾ ದಿನಕ್ಕೆ ವಿವೇಕದ ಮಾತೆನಿಸಿದಂಥವೇ, ಒಂದಕ್ಕೊಂದು ಕೂಡಿಕೊಂಡು ಉಗ್ರಾಣವನ್ನು ಬರಿದು ಮಾಡಿದ್ದವು.

ಹಕ್ಕಿಜ್ವರದ ಭಯ

2003ರಲ್ಲಿ ಸಾರ್ಸ್ ರೋಗ ಏಷ್ಯಾದ ದೇಶಗಳನ್ನು ಬೆಚ್ಚಿಬೀಳಿಸಿತು. ಅದರ ಬೆನ್ನಿಗೇ ಹಕ್ಕಿಜ್ವರ ಕಾಣಿಸಿಕೊಂಡಿತು. ಮನುಷ್ಯರಿಂದ ಮನುಷ್ಯರಿಗೆ ಹರಡುವ ಮಾರಿಯೊಂದು ಜಗತ್ತನ್ನು ಆವರಿಸಿದರೆ ಎಲ್ಲ ದೇಶಗಳೂ ಒಟ್ಟಿಗೇ ಮುಖಗವಸು ಕೇಳುತ್ತವೆ, ಆಗ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂಬುದನ್ನು ಫ್ರಾನ್ಸಿನ ಆಡಳಿತಗಾರರು ಅಂದೇ ಸರಿಯಾಗಿ ಗ್ರಹಿಸಿದ್ದರು. ಆದ್ದರಿಂದ ಎರಡು ಕೆಲಸಗಳಾಗಬೇಕಿತ್ತು. ಒಂದು, ಸಾಕಷ್ಟು ಕೊಂಡು ಕೂಡಿಡುವುದು. ಇನ್ನೊಂದು, ಸ್ವದೇಶದಲ್ಲೇ ತಯಾರಿಸುವ ಕಾರ್ಖಾನೆಗಳನ್ನು ಉಳಿಸಿಕೊಳ್ಳುವುದು.

2005ರಲ್ಲಿ, ಗ್ಸಾವಿಯೆ ಬರ್ತ್ರಾಂ ಆರೋಗ್ಯ ಸಚಿವರಾಗಿದ್ದಾಗ, ಬ್ರಿಟನಿ ಪ್ರಾಂತದ ಪ್ಲ್ಯಾಂಟೆಲ್ ಎಂಬ ಸಣ್ಣ ಊರಿನ ಕಾರ್ಖಾನೆಯೊಂದಿಗೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 20 ಕೋಟಿಯವರೆಗೆ ಮುಖಗವಸು ತಯಾರಿಸುವ ಶಕ್ತಿ ಆ ಕಾರ್ಖಾನೆಗೆ ಬಂತು. 2007ರಲ್ಲಿ ಕಾನೂನು ಮಾಡಿ, ತುರ್ತು ಸಾಮಗ್ರಿಗಳನ್ನು ಕೊಳ್ಳುವ, ಕಾಯ್ದಿಡುವ, ಹಂಚುವ ಹೊಣೆಯನ್ನು 'ಎಪ್ರುಸ್' ಎಂಬ ಪ್ರತ್ಯೇಕ ಸಂಸ್ಥೆಗೆ ವಹಿಸಲಾಯಿತು. ಕೊಳ್ಳುವವರು, ಕಾಯುವವರು, ತಯಾರಿಸುವವರು ಮೂವರೂ ಇದ್ದ ಆ ವ್ಯವಸ್ಥೆ ಕಾಗದದ ಮೇಲೂ ನೆಲದ ಮೇಲೂ ಗಟ್ಟಿಯಾಗಿಯೇ ಇತ್ತು.

ನಗೆಗೀಡಾದ ಸಚಿವೆ

2009ರಲ್ಲಿ ಹಂದಿಜ್ವರ ಬಂತು. ಆಗಿನ ಆರೋಗ್ಯ ಸಚಿವೆ ರೋಜ್‌ಲಿನ್ ಬಾಶ್ಲೊ ಯಾವುದಕ್ಕೂ ಕಡಿಮೆಯಾಗಬಾರದೆಂದು ಮುಖಗವಸಿನ ದಾಸ್ತಾನು ಹೆಚ್ಚಿಸಿದರು; 9.4 ಕೋಟಿ ಡೋಸ್ ಲಸಿಕೆಗೂ ಬೇಡಿಕೆ ಸಲ್ಲಿಸಿದರು. ಆದರೆ ರೋಗ ಅಂಜಿದಷ್ಟು ಕ್ರೂರವಾಗಲಿಲ್ಲ. ಲಸಿಕೆ ಹಾಕಿಸಿಕೊಂಡವರು ಜನಸಂಖ್ಯೆಯ ಶೇ 10ರಷ್ಟೂ ಇರಲಿಲ್ಲ. 2010ರ ಆರಂಭದಲ್ಲಿ 5 ಕೋಟಿ ಡೋಸ್‌ಗಳ ಬೇಡಿಕೆಯನ್ನು ರದ್ದುಪಡಿಸಬೇಕಾಯಿತು.

ಸಚಿವೆ ನಗೆಪಾಟಲಿಗೆ ಗುರಿಯಾದರು. ಸಾರ್ವಜನಿಕರ ಹಣ ಪೋಲು ಮಾಡಿದರೆಂದು ಪತ್ರಿಕೆಗಳೂ ವಿರೋಧ ಪಕ್ಷಗಳೂ ಹರಿಹಾಯ್ದವು. ಸಂಸತ್ತಿನ ಸಮಿತಿಗಳ ಮುಂದೆ ಅವರು ಉತ್ತರ ಹೇಳಬೇಕಾಯಿತು. ಈ ಪ್ರಕರಣದಿಂದ ಅಧಿಕಾರಿಗಳು ಕಲಿತ ಪಾಠವೊಂದಿತ್ತು. ಹೆಚ್ಚು ಕೊಂಡಿಟ್ಟವರಿಗೆ ಕೂಡಲೇ ಬೈಗುಳ ಸಿಗುತ್ತದೆ. ಕಡಿಮೆ ಕೊಂಡಿಟ್ಟವರ ತಪ್ಪು ಎಷ್ಟೋ ವರ್ಷಗಳ ನಂತರ, ಬೇರೆ ಯಾರದೋ ಅಧಿಕಾರಾವಧಿಯಲ್ಲಿ ಬೆಳಕಿಗೆ ಬರುತ್ತದೆ.

ಕಡತದ ಮೇಲೊಂದು ಷರಾ

ಮುಖಗವಸು ಬಂಗಾರದಂತೆ ಇಟ್ಟಲ್ಲೇ ಇರುವ ವಸ್ತುವಲ್ಲ. ಅದು ನೇಯದೆ ಅಂಟಿಸಿ ಮಾಡಿದ ಪ್ಲಾಸ್ಟಿಕ್ ಎಳೆಗಳ ಪದರಗಳಿಂದಾದದ್ದು. ನಡುವಿನ ಪದರದ ಎಳೆಗಳಿಗೆ ವಿದ್ಯುದಾವೇಶ ಕೊಟ್ಟಿರುತ್ತಾರೆ. ಸೂಕ್ಷ್ಮ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ವರ್ಷಗಳು ಉರುಳಿದಂತೆ, ಬಿಸಿಲು ತೇವಗಳಿಗೆ ಸಿಕ್ಕಂತೆ ಆ ಗುಣ ಕುಂದುತ್ತದೆ. ಕಿವಿಗೆ ಸಿಕ್ಕಿಸುವ ಎಲಾಸ್ಟಿಕ್ ದಾರ ಎಳೆದರೆ ಕಿತ್ತು ಬರುತ್ತದೆ. ಆದ್ದರಿಂದ ದಾಸ್ತಾನು ಎಂದರೆ ಒಮ್ಮೆ ತುಂಬಿ ಬೀಗ ಹಾಕುವ ಕೆಲಸವಲ್ಲ. ಹಳೆಯದನ್ನು ಆಸ್ಪತ್ರೆಗಳಿಗೆ ಬಳಕೆಗೆ ಕೊಟ್ಟು, ಅಷ್ಟನ್ನೇ ಹೊಸದಾಗಿ ಕೊಂಡು ತುಂಬುತ್ತಿರಬೇಕು. ಅದಕ್ಕೆ ಪ್ರತಿವರ್ಷವೂ ಹಣ ಬೇಕು.

ಆ ಹಣದ ಪ್ರಶ್ನೆ ಬಂದಾಗ ಧೋರಣೆ ಬದಲಾಯಿತು. 2013ರ ಮೇ ತಿಂಗಳಲ್ಲಿ ರಾಷ್ಟ್ರೀಯ ಭದ್ರತೆಯ ಉಸ್ತುವಾರಿ ನೋಡುವ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೆ, ನೌಕರರಿಗೆ ಬೇಕಾದ ರಕ್ಷಣಾ ಮುಖಗವಸಿನ ಹೊಣೆ ಕೆಲಸ ಕೊಡುವವರದ್ದಾಯಿತು. ಅಂದರೆ ಆಸ್ಪತ್ರೆಯವರಿಗೆ ಬೇಕಾದ ಎಫ್‌ಎಫ್‌ಪಿ2ಗಳನ್ನು ಆಯಾ ಆಸ್ಪತ್ರೆಯೇ ಕೊಂಡಿಟ್ಟುಕೊಳ್ಳಬೇಕು. ಮೇಲ್ನೋಟಕ್ಕೆ ಇದು ನ್ಯಾಯವೇ. ಆದರೆ ವೆಚ್ಚ ಕಡಿತದ ಒತ್ತಡದಲ್ಲಿದ್ದ ಆಸ್ಪತ್ರೆಗಳು ನಿಜವಾಗಿಯೂ ಕೊಂಡಿಟ್ಟಿವೆಯೇ ಎಂದು ಪರಿಶೀಲಿಸುವವರು ಇರಲಿಲ್ಲ. ಸರ್ಕಾರದ ಬಳಿಯಿದ್ದ ಎಫ್‌ಎಫ್‌ಪಿ2ಗಳ ಅವಧಿ ಮುಗಿಯುತ್ತ ಹೋಯಿತು, ಹೊಸದನ್ನು ಕೊಳ್ಳಲಿಲ್ಲ. 2016ರಲ್ಲಿ ಎಪ್ರುಸ್ ಸಂಸ್ಥೆಯನ್ನೇ ದೊಡ್ಡದೊಂದು ಆರೋಗ್ಯ ಸಂಸ್ಥೆಯಲ್ಲಿ ವಿಲೀನ ಮಾಡಲಾಯಿತು. ಅಗತ್ಯ ಬಿದ್ದರೆ ಚೀನಾದಿಂದ ತರಿಸಿದರಾಯಿತು ಎಂಬ ನಂಬಿಕೆ ಬಲವಾಗಿತ್ತು.

2018ರಲ್ಲಿ ಎರಡು ಏಟು

ಉಳಿದಿದ್ದ ಸಾಮಾನ್ಯ ಮುಖಗವಸುಗಳ ಗುಣಮಟ್ಟವನ್ನು ಪರೀಕ್ಷೆಗೆ ಒಡ್ಡಿದಾಗ 2018ರಲ್ಲಿ ಆಘಾತಕಾರಿ ಫಲಿತಾಂಶ ಬಂತು. ಸುಮಾರು 75 ಕೋಟಿಯ ದಾಸ್ತಾನಿನಲ್ಲಿ 60 ಕೋಟಿಗೂ ಹೆಚ್ಚು ಮುಖಗವಸುಗಳು ಮಾನದಂಡಕ್ಕೆ ಹೊಂದುತ್ತಿರಲಿಲ್ಲ. ಅವುಗಳನ್ನು ನಾಶಪಡಿಸಲು ಆದೇಶವಾಯಿತು. ಬದಲಿಗೆ ಕೊಳ್ಳಲು ಹೇಳಿದ್ದು 5 ಕೋಟಿ. ಹಣವಿದ್ದರೆ ಇನ್ನೂ 5 ಕೋಟಿ.

2019ರಲ್ಲಿ ಪ್ರಕಟವಾದ ತಜ್ಞರ ಸಮಿತಿಯ ವರದಿ ಒಂದು ಸರಳ ಲೆಕ್ಕ ಕೊಟ್ಟಿತ್ತು. ದೊಡ್ಡ ಸಾಂಕ್ರಾಮಿಕ ಬಂದರೆ 2 ಕೋಟಿ ಜನ ಕಾಯಿಲೆ ಬೀಳಬಹುದು. ಒಬ್ಬ ರೋಗಿಗೆ 50 ಮುಖಗವಸುಗಳ ಒಂದು ಪೆಟ್ಟಿಗೆ ಎಂದರೂ 100 ಕೋಟಿ ಬೇಕು. ಹಿಂದೆ ಇದ್ದುದೂ ಅಷ್ಟೇ! ಆದರೆ ವರದಿ ಬಂದಾಗ ಉಗ್ರಾಣದ ಬಾಗಿಲಲ್ಲಿ ನಾಶದ ಕೆಲಸ ಸಾಗಿತ್ತು.

ಇನ್ನೊಂದು ಏಟು ಬಿದ್ದದ್ದು ಪ್ಲ್ಯಾಂಟೆಲ್ ಮೇಲೆ. ಸರ್ಕಾರದ ಬೇಡಿಕೆ ಇಳಿದ ಮೇಲೆ ಆ ಕಾರ್ಖಾನೆ ಸೊರಗುತ್ತ ಬಂದಿತ್ತು. 2010ರಲ್ಲಿ ಅದು ಅಮೆರಿಕದ ಹನಿವೆಲ್ ಕಂಪನಿಯ ಪಾಲಾಗಿತ್ತು. 2018ರಲ್ಲಿ ಕಂಪನಿ ಅದನ್ನು ಮುಚ್ಚಿತು. ಕೊನೆಯವರೆಗೆ ಉಳಿದಿದ್ದ 38 ಕೆಲಸಗಾರರು ಮನೆಗೆ ಹೋದರು. ಮುಖಗವಸು ತಯಾರಿಸುವ ಯಂತ್ರಗಳು ಗುಜರಿಗೆ ಹೋದವು. ಕೊರೊನಾ ಬರಲು ಎರಡು ವರ್ಷವೂ ಉಳಿದಿರಲಿಲ್ಲ.

ವಿಮಾನದಲ್ಲಿ ಬಂದ ಪೆಟ್ಟಿಗೆಗಳು

2020ರ ಫೆಬ್ರುವರಿಯಲ್ಲಿ ಫ್ರಾನ್ಸ್ ಸುಮಾರು 17 ಟನ್ ರಕ್ಷಣಾ ಸಾಮಗ್ರಿಯನ್ನು ನೆರವಾಗಿ ಚೀನಾಕ್ಕೆ ಕಳುಹಿಸಿಕೊಟ್ಟಿತ್ತು. ಮಾರ್ಚ್ 3ರಂದು ದೇಶದಲ್ಲಿರುವ ಎಲ್ಲ ಮುಖಗವಸುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ಆದೇಶ ಹೊರಡಿಸಬೇಕಾಯಿತು. ತಿಂಗಳ ಕೊನೆಗೆ, ಮಾರ್ಚ್ 30ರಂದು, 85 ಲಕ್ಷ ಮುಖಗವಸುಗಳನ್ನು ಹೊತ್ತ ದೈತ್ಯ ಸರಕು ವಿಮಾನ ಚೀನಾದಿಂದ ಬಂದು ವಾತ್ರಿ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಒಟ್ಟು 100 ಕೋಟಿಗೂ ಹೆಚ್ಚು ಮುಖಗವಸುಗಳಿಗೆ ಬೇಡಿಕೆ ಸಲ್ಲಿಸಿರುವುದಾಗಿ ಆರೋಗ್ಯ ಸಚಿವ ಒಲಿವಿಯೆ ವೆರಾನ್ ಆಗಲೇ ಪ್ರಕಟಿಸಿದ್ದರು. ಹತ್ತು ವರ್ಷಗಳ ಹಿಂದಿನ ಅದೇ ಸಂಖ್ಯೆ, ಈ ಬಾರಿ ಹಲವು ಪಟ್ಟು ಬೆಲೆಗೆ.

ಕೊರತೆಯಿಂದಾದ ಇನ್ನೊಂದು ನಷ್ಟ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಮಾರ್ಚ್ ತಿಂಗಳಲ್ಲಿ ಜನಸಾಮಾನ್ಯರಿಗೆ ಮುಖಗವಸಿನ ಅಗತ್ಯವಿಲ್ಲ ಎಂದು ಸರ್ಕಾರ ಹೇಳಿತು. ಮೇ 11ರಿಂದ ಬಸ್ಸು, ರೈಲುಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ಇಲ್ಲದ್ದನ್ನು ಬೇಡವಾದದ್ದು ಎಂದು ಹೇಳಿದರೆಂಬ ಅನುಮಾನ ಜನರ ಮನಸ್ಸಿನಲ್ಲಿ ಉಳಿಯಿತು. ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರದ ಮಾತಿನ ಮೇಲಿನ ನಂಬಿಕೆಯೂ ಒಂದು ರಕ್ಷಣಾ ಸಾಧನವೇ.

ಬೆಂಕಿ ಬಿದ್ದಾಗ ಬಾವಿ

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಕೂಲಿ ಎಷ್ಟಾಗುತ್ತದೆ ಎಂಬುದಕ್ಕೆ ನೆರೆಯ ಬ್ರಿಟನ್ನಿನ ಲೆಕ್ಕ ನೋಡಬೇಕು. ಅಲ್ಲಿನ ಆರೋಗ್ಯ ಇಲಾಖೆ 2020-21ರಲ್ಲಿ ಕೊಂಡ ರಕ್ಷಣಾ ಸಾಮಗ್ರಿಯ ಮೊತ್ತ 1,210 ಕೋಟಿ ಪೌಂಡ್. ಅದರಲ್ಲಿ 870 ಕೋಟಿ ಪೌಂಡನ್ನು ನಷ್ಟವೆಂದು ಬರೆದುಹಾಕಬೇಕಾಯಿತು. ಈ ನಷ್ಟದಲ್ಲಿ 470 ಕೋಟಿ ಪೌಂಡ್, ಕೊಂಡ ಮೇಲೆ ಮಾರುಕಟ್ಟೆ ಬೆಲೆ ಇಳಿದುಹೋದ ಕಾರಣಕ್ಕೆ ಆದದ್ದು. 67 ಕೋಟಿ ಪೌಂಡಿನ ಸಾಮಗ್ರಿ ಯಾವ ಬಳಕೆಗೂ ಬಾರದಂತಿತ್ತು. ಬೇಡವಾದ ರಾಶಿಯನ್ನು ಸುಡಲೂ ಮತ್ತೆ ಹಣ ತೆರಬೇಕಾಯಿತು.

ಭಾರತದ ಅನುಭವ ಇನ್ನೊಂದು ಬಗೆಯದು. ಮೈತುಂಬ ಮುಚ್ಚುವ ರಕ್ಷಣಾ ಉಡುಪನ್ನು ಇಲ್ಲಿ ತಯಾರಿಸುವವರು 2020ರ ಆರಂಭದಲ್ಲಿ ಇಲ್ಲವೆಂದೇ ಹೇಳಬೇಕು. ಮೇ ತಿಂಗಳ ಮಧ್ಯದ ಹೊತ್ತಿಗೆ ದಿನಕ್ಕೆ ಸುಮಾರು 4.5 ಲಕ್ಷ ಉಡುಪು ತಯಾರಾಗುತ್ತಿತ್ತು. ಇದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಒಂದು ಹಂತದಲ್ಲಿ ದೇಶದ ಉತ್ಪಾದನೆಯ ಅರ್ಧದಷ್ಟು ಇಲ್ಲಿಯದೇ ಎಂದು ಕೇಂದ್ರ ಸರ್ಕಾರ ಹೇಳಿತ್ತು. ವಿದೇಶಿ ಅಂಗಡಿಗಳಿಗೆ ಅಂಗಿ, ಪ್ಯಾಂಟು ಹೊಲಿಯುತ್ತಿದ್ದ ಗಾರ್ಮೆಂಟ್ ಕಾರ್ಖಾನೆಗಳ ಕೈಗಳು ವೈದ್ಯರ ಉಡುಪು ಹೊಲಿದವು. ರಕ್ತ ಒಳಗಿಳಿಯದಂತೆ ಹೊಲಿಗೆಯ ಮೇಲೆ ಟೇಪು ಅಂಟಿಸಬೇಕು. ಕೃತಕ ರಕ್ತ ಹಾಯಿಸಿ ನೋಡುವ ಪರೀಕ್ಷೆಯಲ್ಲಿ ಬಟ್ಟೆ ತೇರ್ಗಡೆಯಾಗಬೇಕು. ಕೊಯಮತ್ತೂರಿನ ಸಿಟ್ರಾ ಸಂಸ್ಥೆ ಆ ಪರೀಕ್ಷೆ ಮಾಡಿತು. ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಲೈಫ್‌ಕೇರ್ ಕೊಂಡು ರಾಜ್ಯಗಳಿಗೆ ಹಂಚಿತು. ಉಗ್ರಾಣ ತುಂಬಿರದಿದ್ದರೂ ಹೊಲಿಯಬಲ್ಲ ಕೈ, ಯಂತ್ರಗಳು ದೇಶದಲ್ಲಿದ್ದರೆ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳಬಹುದು ಎಂಬುದಕ್ಕೆ ಇದೊಂದು ನಿದರ್ಶನ. ಫ್ರಾನ್ಸ್ ಕಳೆದುಕೊಂಡಿದ್ದು ಇವೆರಡನ್ನೂ.

ಹಗೇವಿನ ಪಾಠ

ಪ್ಲ್ಯಾಂಟೆಲ್‌ನ ಕಥೆಗೆ ಒಂದು ಮುಂದುವರಿದ ಭಾಗವಿದೆ. 2020ರಲ್ಲಿ ಅದೇ ಸೀಮೆಯ ಜನ, ಸ್ಥಳೀಯ ಸಂಸ್ಥೆಗಳು, ಹಳೆಯ ಕಾರ್ಖಾನೆಯ ಕೆಲಸಗಾರರು ಕೂಡಿ ಗ್ಯಾಂಗಾಂ ಪಟ್ಟಣದ ಬಳಿ ಮುಖಗವಸು ತಯಾರಿಕೆಗೆ ಸಹಕಾರಿ ಸಂಘ ಕಟ್ಟಿದರು. ಮರು ವರ್ಷ ಉತ್ಪಾದನೆಯೂ ಶುರುವಾಯಿತು. ಅಷ್ಟರಲ್ಲಿ ಚೀನಾದ ಅಗ್ಗದ ಸರಕು ಮತ್ತೆ ಬಂದಿತ್ತು. ಆಸ್ಪತ್ರೆಗಳು ಮತ್ತೆ ಬೆಲೆ ನೋಡಿ ಕೊಳ್ಳತೊಡಗಿದ್ದವು. 2022ರ ನವೆಂಬರಿನಲ್ಲಿ ಆ ಸಂಘವೂ ದಿವಾಳಿಯಾಯಿತು. ಒಂದೇ ಸೀಮೆಯಲ್ಲಿ ಅದೇ ಕಥೆ ಎರಡನೆಯ ಸಲ ನಡೆಯಿತು, ಅದೂ ಐದು ವರ್ಷಗಳೊಳಗೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಬರ ಬಾರದ ವರ್ಷ ಹಗೇವು ದಂಡವಾಯಿತೆಂದು ಯಾವ ರೈತನೂ ಹಲುಬುತ್ತಿರಲಿಲ್ಲ. ಹಳೆಯ ಕಾಳು ತೆಗೆದು ಉಂಡು, ಸುಗ್ಗಿಯ ಹೊಸ ಕಾಳು ತುಂಬುವುದು ಒಕ್ಕಲುತನದ ಭಾಗವೇ ಆಗಿತ್ತು. ಫ್ರಾನ್ಸಿನಲ್ಲಿ ನೂರು ಕೋಟಿ ಮುಖಗವಸುಗಳನ್ನು ಕೊಂಡ ಸರ್ಕಾರವಿತ್ತು, ಅವು ಕೆಟ್ಟಿವೆ ಎಂದು ಪತ್ತೆ ಹಚ್ಚಿದ ಪ್ರಯೋಗಾಲಯವಿತ್ತು, ಸುಟ್ಟುಹಾಕಿರೆಂದು ಬರೆದ ಅಧಿಕಾರಿಯೂ ಇದ್ದರು. ವರ್ಷ ವರ್ಷ ಹಳೆಯದನ್ನು ಹೊರತೆಗೆದು ಹೊಸದನ್ನು ತುಂಬುವ ಸಣ್ಣ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.