ವಿದ್ಯುತ್ ನಾದದ ಚರಿತ್ರೆ ಮತ್ತು ಬಿಟ್ಟುಹೋದ ಹೆಸರುಗಳು

1954ರ ಹಿಂದಿ ಚಿತ್ರ 'ನಾಗಿನ್'ನ ಪುಂಗಿಯ ನಾದವನ್ನು ಕೇಳದವರು ಅಪರೂಪ. ಮದುವೆ ದಿಬ್ಬಣದ ಬ್ಯಾಂಡಿನವರು ಇಂದಿಗೂ ಅದನ್ನು ಬಿಟ್ಟಿಲ್ಲ. ಆದರೆ ಚಿತ್ರದಲ್ಲಿ ಕೇಳಿಸಿದ್ದು ಪುಂಗಿಯೇ ಅಲ್ಲ! ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ 1947ರಲ್ಲಿ ರೂಪಿಸಿದ ಕ್ಲಾವಿಯೊಲಿನ್ ಎಂಬ ವಿದ್ಯುತ್ ವಾದ್ಯವದು. ಸಂಗೀತ ಹೇಮಂತ್ ಕುಮಾರ್ ಅವರದು. ವಾದ್ಯ ನುಡಿಸಿದವರು, ಮುಂದೆ ಆನಂದ್‌ಜಿಯವರ ಜೊತೆಗೂಡಿ ಹೆಸರಾದ ಕಲ್ಯಾಣ್‌ಜಿ.

ಮೂಗ್ ಸಿಂಥಸೈಜರ್ ಹುಟ್ಟಿದ್ದು ಇದಾದ ಹತ್ತು ವರ್ಷಕ್ಕೆ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ತಮ್ಮ ಯಂತ್ರವನ್ನು ಹೊರತಂದರು. ಸಂಜೆ ವೋಲ್ಟೇಜ್ ಇಳಿದರೆ ಬಲ್ಬು ಮಂಕಾಗುವುದನ್ನು ಗೆಟ್ಟವಾಡಿಯಂಥ ಊರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಮೂಗ್ ಯಂತ್ರದಲ್ಲಿ ವೋಲ್ಟೇಜ್ ಏರಿಳಿದರೆ ಶ್ರುತಿಯೇ ಏರಿಳಿಯುತ್ತದೆ. ಒಂದು ವೋಲ್ಟ್ ಹೆಚ್ಚಿಸಿದರೆ ಮಧ್ಯ ಷಡ್ಜ ತಾರ ಷಡ್ಜಕ್ಕೆ ಹೋಗಿ ನಿಲ್ಲುತ್ತದೆ. ಅನಲಾಗ್ ಎಂಬ ಮಾತಿನ ಹುರುಳು ಇಷ್ಟೇ. ಕೋಣೆ ಕಾದರೆ ಶ್ರುತಿ ಜಾರುವುದೂ ಉಂಟು. ತಂಬೂರಿಯಂತೆಯೇ ಆಗಾಗ ಹದ ಮಾಡಿಕೊಳ್ಳಬೇಕು. 1983ರಲ್ಲಿ ಯಮಹಾ ಕಂಪನಿಯ ಡಿಜಿಟಲ್ ವಾದ್ಯ ಡಿಎಕ್ಸ್ 7 ಬಂದ ಮೇಲೆ ಹಳೆಯವು ಮೂಲೆ ಸೇರಿದವು.

ಇವುಗಳ ಚರಿತ್ರೆಯನ್ನು ಹೇಳುವ ಸಾಕ್ಷ್ಯಚಿತ್ರಗಳು ಈಗ ಹಲವಿವೆ. 2004ರ 'ಮೂಗ್' ಆ ಮಹನೀಯರ ವ್ಯಕ್ತಿಚಿತ್ರ. ಮರುವರ್ಷವೇ ಅವರು ತೀರಿಕೊಂಡರು. 2014ರ 'ಐ ಡ್ರೀಮ್ ಆಫ್ ವೈರ್ಸ್' ತಂತಿ ಚುಚ್ಚಿ ನುಡಿಸುವ ದೊಡ್ಡ ಯಂತ್ರಗಳ ಕಥೆ. ಅದರಲ್ಲಿ ಯಂತ್ರದ ಮೋಹ ತುಸು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ಲೀಸಾ ರೋವ್ನರ್ ಅವರ 2020ರ 'ಸಿಸ್ಟರ್ಸ್ ವಿತ್ ಟ್ರಾನ್ಸಿಸ್ಟರ್ಸ್' ಹಾಗಲ್ಲ, ಅದು ಬಿಟ್ಟುಹೋದ ಮಹಿಳೆಯರನ್ನು ಹುಡುಕುತ್ತದೆ. ಅವರಲ್ಲೊಬ್ಬರು ಡೀಲಿಯಾ ಡರ್ಬಿಶೈರ್. ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೆ 1963ರಲ್ಲಿ ಟೇಪು ಕತ್ತರಿಸಿ, ಅಂಟಿಸಿ ನಾದರೂಪ ಕೊಟ್ಟವರು ಅವರೇ. ಪರದೆಯ ಮೇಲೆ ಅವರ ಹೆಸರು ಬಂದದ್ದು 2013ರಲ್ಲಿ, ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ. ಬ್ಯಾಂಕಿನ ಗುಮಾಸ್ತನಾದ ನನಗೆ ಇದು ಐವತ್ತು ವರ್ಷ ಲೆಡ್ಜರಿಗೆ ಏರಿಸದೆ ಬಿಟ್ಟ ಜಮೆಯಂತೆ ಕಾಣುತ್ತದೆ.

ನಮ್ಮ ದೇಶದ್ದೂ ಇಂಥದೇ ಕಥೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಬಂದಿತ್ತು! ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಅದನ್ನು ಹೂಡಿಕೊಟ್ಟರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಅವರಿಗೆ ನಮ್ಮ ಸಂಗೀತ ಕಲಿಸಿದ್ದ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಮೊದಲಾದವರು 1972ರವರೆಗೆ ಅಲ್ಲಿ ರಚನೆಗಳನ್ನು ಮಾಡಿದರು. ಬಳಿಕ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ನಾಲ್ಕು ದಶಕ ಮೌನವಾಗಿದ್ದವು. ಅವನ್ನು ಬೆಳಕಿಗೆ ತಂದವರು ಬ್ರಿಟನ್ನಿನ ಪಾಲ್ ಪರ್ಗಸ್. 2020ರಲ್ಲಿ ಬಿಬಿಸಿ ರೇಡಿಯೊದ 'ಎಲೆಕ್ಟ್ರಾನಿಕ್ ಇಂಡಿಯಾ' ಎಂಬ ಸಾಕ್ಷ್ಯ ಕಾರ್ಯಕ್ರಮ, 2023ರಲ್ಲಿ ಧ್ವನಿಮುದ್ರಿಕೆ ಹೊರಬಂದವು.

ಇನ್ನು ಕನ್ನಡ, ಮಲಯಾಳಂ ಮನೆಗಳ ವಿಷಯ. ಎರಡೂ ಭಾಷೆಗಳ ಎಷ್ಟೋ ಸಿನಿಮಾ ಹಾಡುಗಳು ಧ್ವನಿಮುದ್ರಣವಾದದ್ದು ಮದ್ರಾಸಿನಲ್ಲಿ. ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ರಾಜಕುಮಾರರ ಕಂಠವನ್ನು ಎಲ್ಲರೂ ಬಲ್ಲೆವು, ಹಿನ್ನೆಲೆಯಲ್ಲಿ ನುಡಿಸಿದವರನ್ನು ಎಷ್ಟು ಜನ ಬಲ್ಲೆವು? ಮಲಯಾಳಂನ ಆರ್. ಕೆ. ಶೇಖರ್ 1964ರ 'ಪಳಶ್ಶಿ ರಾಜಾ'ದಿಂದ ಸ್ವತಂತ್ರ ಸಂಗೀತ ನಿರ್ದೇಶಕರಾದರೂ, ಹೆಚ್ಚು ದುಡಿದದ್ದು ಇತರರ ಹಾಡುಗಳಿಗೆ ವಾದ್ಯವೃಂದ ಜೋಡಿಸುವುದರಲ್ಲಿ. 1976ರಲ್ಲಿ ಅವರು ತೀರಿಕೊಂಡಾಗ ಮನೆಯವರು ಅವರ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ನಡೆಸಿದರು. ಆಗ ಒಂಬತ್ತು ವರ್ಷದವನಾಗಿದ್ದ ಮಗನೇ ಮುಂದೆ ಎ. ಆರ್. ರೆಹಮಾನ್.

ಬೆಂಗಳೂರಿನಲ್ಲಿ ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಇಂದು ಕಛೇರಿ ವೇದಿಕೆಗಳಲ್ಲಿ ಅಂಥ ಪೆಟ್ಟಿಗೆ ಸಾಮಾನ್ಯ ನೋಟ. ಸಾಕ್ಷ್ಯಚಿತ್ರ ತೆಗೆಯುವವರು ಅಹಮದಾಬಾದಿನಿಂದ ತುಸು ದಕ್ಷಿಣಕ್ಕೆ ಇಳಿದು ಬರುವುದಾದರೆ, ಕೋಡಂಬಾಕ್ಕಂನಲ್ಲಿ ಕೀಬೋರ್ಡ್ ನುಡಿಸಿದ ಹಿರಿಯರನ್ನು ಅವರು ಬದುಕಿರುವಾಗಲೇ ಮಾತಾಡಿಸಬೇಕು. ಹಳೆಯ ಕ್ಯಾಸೆಟ್ಟಿನ ಚೀಟಿಗಳಲ್ಲಿ ಅವರ ಹೆಸರು ಸಿಗುವುದಿಲ್ಲ.