ಅರ್ಧ ಬೆಲೆಯ ಕಾರು, ಪೂರ್ತಿ ಕೆಲಸ

1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಾಗ ಅದಕ್ಕೆ ಎರಡು ಬೆಲೆ ಇತ್ತು. ಕಂಪನಿಯವರೇ ಜೋಡಿಸಿ ಕೊಟ್ಟರೆ 1,036 ಪೌಂಡು. ಬಿಡಿಭಾಗಗಳನ್ನು ಮನೆಗೆ ಒಯ್ದು ನಾವೇ ಜೋಡಿಸಿಕೊಂಡರೆ 536 ಪೌಂಡು. ಅದೇ ಚಾಸಿ, ಅದೇ ಎಂಜಿನ್, ಅದೇ ನಾಲ್ಕು ಚಕ್ರ. ನಡುವಿನ ಐನೂರು ಪೌಂಡು ಅಂದರೆ ಆಗ ಕಾರ್ಖಾನೆಯ ಕೆಲಸಗಾರನ ವರ್ಷದ ಸಂಬಳದ ಬಹುಭಾಗ.

ಈ ಕಾರಿನ ಕಥೆ ಹೇಳುವವರೆಲ್ಲ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಎಂಬ ಮೇಧಾವಿಯಿಂದಲೇ ಶುರು ಮಾಡುತ್ತಾರೆ. ಅವನು ಮೇಧಾವಿ ಹೌದು, ನನ್ನ ತಕರಾರಿಲ್ಲ. ಆದರೆ ಮನೆಯ ಗ್ಯಾರೇಜಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಹವ್ಯಾಸ ಹುಟ್ಟಿದ್ದು ಒಬ್ಬನ ತಲೆಯಿಂದ ಅಲ್ಲ. ಗುಜರಿಗೆ ಬಿದ್ದ ಹಳೆಯ ಕಾರುಗಳು, ಯುದ್ಧಕಾಲದಲ್ಲಿ ಕೆಲಸ ಕಲಿತ ಕೈಗಳು, ಸರ್ಕಾರದ ಒಂದು ತೆರಿಗೆ, ಈ ಮೂರೂ ಒಂದೇ ಹೊತ್ತಿಗೆ ಕೂಡಿಬಂದವು. ಈ ಮಾತನ್ನು ಯಾರಾದರೂ ಕನ್ನಡದಲ್ಲಿ ಬರೆದಿಡಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ನಾನು ಭದ್ರಾವತಿಯವಳು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾನು ಓದಿದ್ದು ಲೋಹಶಾಸ್ತ್ರ, ನೆಲೆನಿಂತದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ನನ್ನ ಹತ್ತಿರ ಇರುವುದು ಅದೇ ಲೋಟಸ್ ಸೆವೆನ್ನಿನ ಮುಂದುವರಿಕೆಯಾದ, ಎಂಬತ್ತರ ದಶಕದ ಕೇಟರ್‌ಹ್ಯಾಮ್ ಸೆವೆನ್. ಅದನ್ನು ಪೆಟ್ಟಿಗೆಗಳಿಂದ ತೆಗೆದು ಜೋಡಿಸಿದವರು ಬೇರೆ ಯಾರೋ. ನಾನು ಅದನ್ನು ಕೊಂಡು, ನೋಡಿಕೊಂಡು, ಓಡಿಸುತ್ತಿರುವವಳು.

ಮೊದಲು ಗುಜರಿಯ ಮಾತು. 1922ರಿಂದ 1939ರವರೆಗೆ ಆಸ್ಟಿನ್ ಸೆವೆನ್ ಎಂಬ ಬಡವರ ಕಾರು ಹೆಚ್ಚುಕಡಿಮೆ 2,90,000 ತಯಾರಾಗಿತ್ತು. ಎಂಜಿನ್ 747 ಸಿಸಿ. ಯುದ್ಧ ಮುಗಿಯುವ ಹೊತ್ತಿಗೆ ಇವು ಊರೂರ ಹಿತ್ತಿಲಲ್ಲಿ ತುಕ್ಕು ಹಿಡಿದು ನಿಂತಿದ್ದವು. ಹೊಸ ಕಾರು ಸಿಗುತ್ತಿರಲಿಲ್ಲ. ದೇಶಕ್ಕೆ ಡಾಲರ್ ಬೇಕಿತ್ತು, ತಯಾರಾದದ್ದರಲ್ಲಿ ಹೆಚ್ಚಿನವು ಹಡಗು ಹತ್ತುತ್ತಿದ್ದವು. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ ಬಂದ ಹುಡುಗರು ಈ ಆಸ್ಟಿನ್‌ಗಳ ಮೈಗೂಡನ್ನು ಕಿತ್ತೆಸೆದು, ಅಲ್ಯೂಮಿನಿಯಂ ತಗಡು ಬಡಿದು ಹಗುರ ಮೈ ಕೂರಿಸಿ ರೇಸಿಗೆ ಇಳಿಸುತ್ತಿದ್ದರು. ಇಂಥವನ್ನು ‘ಸ್ಪೆಷಲ್’ ಅನ್ನುತ್ತಿದ್ದರು. 1939ರಲ್ಲಿ ಹುಟ್ಟಿದ 750 ಮೋಟಾರ್ ಕ್ಲಬ್ ಇವರಿಗೆಲ್ಲ ಮನೆಯಾಗಿತ್ತು. ಅದು ಯುದ್ಧದ ನಂತರ ಆಸ್ಟಿನ್ ಸೆವೆನ್‌ಗಳನ್ನು ಆಧರಿಸಿಯೇ ರೇಸಿನ ನಿಯಮ ರೂಪಿಸಿತು. ದುಡ್ಡಿದ್ದವರ ಕ್ರೀಡೆಗೆ ಗುಮಾಸ್ತನೂ ಮೇಷ್ಟ್ರೂ ಕಾಲಿಟ್ಟದ್ದು ಈ ಬಾಗಿಲಿನಿಂದ.

ಚಾಪ್‌ಮನ್ ಬಂದದ್ದೂ ಇದೇ ಬಾಗಿಲಿನಿಂದಲೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಾ, ಬಿಡುವಿನಲ್ಲಿ ವಾರೆನ್ ಸ್ಟ್ರೀಟಿನಲ್ಲಿ ಹಳೆಯ ಕಾರುಗಳ ವ್ಯಾಪಾರ ಮಾಡುತ್ತಿದ್ದ. 1947ರ ಕೊನೆಯಲ್ಲಿ ಸರ್ಕಾರ ಖಾಸಗಿ ಕಾರುಗಳ ಪೆಟ್ರೋಲ್ ಪಡಿತರ ನಿಲ್ಲಿಸಿತು, ವ್ಯಾಪಾರ ನೆಲಕಚ್ಚಿತು. ಇದ್ದ ಕಾರುಗಳನ್ನು ಸಿಕ್ಕ ಬೆಲೆಗೆ ಕೊಟ್ಟ ಮೇಲೂ ಹಳೆಯ ಒಂದು ಆಸ್ಟಿನ್ ಸೆವೆನ್ ಉಳಿಯಿತು. ಅದನ್ನು ಗೆಳತಿ ಹೇಝಲ್‌ಳ ತಂದೆಯ ಮನೆಯ ಹಿಂದಿನ ಗ್ಯಾರೇಜಿಗೆ ತಂದು, ಪ್ಲೈವುಡ್ಡಿಗೆ ಲೋಹದ ತಗಡು ಅಂಟಿಸಿ ಹೊಸ ಮೈ ಕಟ್ಟಿದ. ಮೊದಲ ಲೋಟಸ್ ಅದೇ. 1952ರ ಜನವರಿಯಲ್ಲಿ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ, ಅವನ ತಂದೆ ನಡೆಸುತ್ತಿದ್ದ ರೈಲ್ವೆ ಹೋಟೆಲಿನ ಹಿಂದಿನ ಕುದುರೆಲಾಯದಲ್ಲಿ ಕಂಪನಿ ಶುರುವಾಯಿತು. ಹೇಝಲ್ ಕೊಟ್ಟ 25 ಪೌಂಡೇ ಬಂಡವಾಳ ಎನ್ನುತ್ತಾರೆ. ಆಮೇಲೆ ಅವಳು ಅವನ ಹೆಂಡತಿಯಾದಳು. ಕಂಪನಿಯ ಇತಿಹಾಸದಲ್ಲಿ ಅವಳ ಹೆಸರು ಇನ್ನೂ ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು.

ಆ ಲಾಯದಿಂದ ಹೊರಬಂದ ಮಾರ್ಕ್ ಸಿಕ್ಸ್ ಕಾರಿಗೆ ಆಸ್ಟಿನ್ನಿನ ಚಾಸಿ ಇರಲಿಲ್ಲ. ತೆಳು ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದ ಚೌಕಟ್ಟು ಅದು. ಬರಿ ಚೌಕಟ್ಟಿನ ತೂಕ ಸುಮಾರು 25 ಕಿಲೋ, ಒಂದು ಮೂಟೆ ಅಕ್ಕಿಯಷ್ಟು. ಗಿರಾಕಿ ಇದನ್ನು ಕೊಂಡು, ಫೋರ್ಡ್ ಕಾರಿನ 1,172 ಸಿಸಿ ಎಂಜಿನ್ ಹುಡುಕಿ ತಂದು ಕೂರಿಸಿಕೊಳ್ಳುತ್ತಿದ್ದ. 1957ರ ಸೆವೆನ್ ಇದರದೇ ಮುಂದಿನ ಪೀಳಿಗೆ.

ಇನ್ನು ತೆರಿಗೆ. 1940ರಲ್ಲಿ ಯುದ್ಧದ ಖರ್ಚಿಗೆಂದು ಬ್ರಿಟನ್ ‘ಪರ್ಚೇಸ್ ಟ್ಯಾಕ್ಸ್’ ತಂದಿತು. ಯುದ್ಧ ಮುಗಿಯಿತು, ತೆರಿಗೆ ಉಳಿಯಿತು. ಕಾರುಗಳ ಮೇಲಿನ ದರ 1951ರಲ್ಲಿ ಸಗಟು ಬೆಲೆಯ ಮೂರನೇ ಎರಡು ಭಾಗಕ್ಕೆ ಏರಿತು. ಆಮೇಲೆ ಇಳಿದು, 1955ರಲ್ಲಿ ಮತ್ತೆ ಏರಿ ಶೇ. 60ಕ್ಕೆ ಬಂತು. ಆದರೆ ಈ ತೆರಿಗೆ ಪೂರ್ತಿ ತಯಾರಾದ ಕಾರಿಗೆ ಮಾತ್ರ. ಬಿಡಿಭಾಗಗಳ ಪೆಟ್ಟಿಗೆಗೆ ಇರಲಿಲ್ಲ. ಸೆವೆನ್ನಿನ ಎರಡು ಬೆಲೆಯ ಗುಟ್ಟಿನಲ್ಲಿ ದೊಡ್ಡ ಪಾಲು ಇದರದೇ. ಉಳಿದದ್ದು ಕಂಪನಿಗೆ ಮಿಗುತ್ತಿದ್ದ ಕೂಲಿ.

ವಿನಾಯಿತಿಗೆ ಕಟ್ಟುಪಾಡುಗಳಿದ್ದವು. ಕಾರನ್ನು ಕೊಂಡವನೇ ಜೋಡಿಸಬೇಕು, ಕೂಲಿ ಕೊಟ್ಟು ಮಾಡಿಸುವಂತಿಲ್ಲ. ಜೋಡಿಸುವ ಬಗೆ ತಿಳಿಸುವ ಪುಸ್ತಕವನ್ನೂ ಕಂಪನಿ ಕೊಡುವಂತಿರಲಿಲ್ಲವಂತೆ. ಅದಕ್ಕೇ ಲೋಟಸ್‌ನವರು ‘ಕಾರನ್ನು ಬಿಚ್ಚುವ ವಿಧಾನ’ ಎಂದು ಬರೆದುಕೊಟ್ಟರು, ಜನ ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಜೋಡಿಸಿದರು ಎಂಬ ಕಥೆ ಈ ವಲಯದಲ್ಲಿ ಎಲ್ಲರ ಬಾಯಲ್ಲೂ ಇದೆ.

ನಮ್ಮ ಬೀದಿಯಲ್ಲೇ ಅಂಥ ಒಬ್ಬರಿದ್ದಾರೆ, ಎಂಬತ್ತು ದಾಟಿದವರು. 1962ರ ಬೇಸಿಗೆಯಲ್ಲಿ ಸೆವೆನ್ನಿನ ಎರಡನೇ ಮಾದರಿಯನ್ನು ಸ್ವತಃ ಜೋಡಿಸಿದವರು. ಗೆಳೆಯರು ಸಂಜೆ ಬಂದು ಕೈಜೋಡಿಸುತ್ತಿದ್ದರಂತೆ. ಅವರಿಗೆ ದುಡ್ಡು ಕೊಟ್ಟರೆ ತೆರಿಗೆಯ ತಕರಾರು ಬಂದೀತೆಂದು ಬಿಯರ್ ಕೊಡಿಸುತ್ತಿದ್ದರು. ಮೀಟರುಗಳ ಫಲಕದ ವೈರಿಂಗನ್ನು ತಾಯಿಯ ಊಟದ ಮೇಜಿನ ಮೇಲೆ ಹರಡಿ ಮಾಡಿದ್ದರು. ಅದೇ ನವೆಂಬರಿನಲ್ಲಿ ಸರ್ಕಾರ ತೆರಿಗೆಯನ್ನು ಒಮ್ಮೆಲೇ ಶೇ. 25ಕ್ಕೆ ಇಳಿಸಿತು. ‘ಬೇಜಾರಾಯಿತಾ?’ ಎಂದು ಕೇಳಿದೆ. ‘ಯಾಕೆ? ಅಷ್ಟು ಹೊತ್ತಿಗೆ ನನ್ನ ಕಾರಿನ ಒಂದೊಂದು ಬೋಲ್ಟೂ ನನಗೆ ಗೊತ್ತಿತ್ತಲ್ಲ’ ಎಂದರು.

ಗೊತ್ತಿರಲೇಬೇಕಿತ್ತು. ಆ ಮಾದರಿಯ ಹಿಂದಿನ ಆಕ್ಸಲ್ ಸ್ಟ್ಯಾಂಡರ್ಡ್ ಕಂಪನಿಯ ಒಂದು ಸಾಧಾರಣ ಸಂಸಾರಿ ಗಾಡಿಯದು. ಅದನ್ನು ಹಿಡಿದಿಡುವ ಎ ಆಕಾರದ ತೋಳನ್ನು ಡಿಫರೆನ್ಷಿಯಲ್ಲಿನ ಕವಚದ ಕೆಳಗೇ ಬಿಗಿದಿದ್ದರು. ತಿರುವಿನಲ್ಲಿ ಬೀಳುವ ಜೋರಿಗೆ ಆ ಕವಚ ತಿರುಚಿಕೊಂಡು ಎಣ್ಣೆ ಸೋರುತ್ತಿತ್ತು, ಸೋರಿದ ಎಣ್ಣೆ ಕೆಳಗಿನ ರಬ್ಬರ್ ಬುಶ್ಶನ್ನು ತಿನ್ನುತ್ತಿತ್ತು, ಬುಶ್ ಹೋದಮೇಲೆ ಆಕ್ಸಲ್ ಇನ್ನಷ್ಟು ತಿರುಚುತ್ತಿತ್ತು. ಕವಚಕ್ಕೆ ಪಟ್ಟಿ ಬೆಸೆದು ಗಟ್ಟಿ ಮಾಡುವುದನ್ನು ಮಾಲೀಕರೇ ಒಬ್ಬರಿಂದೊಬ್ಬರು ಕಲಿತರು. ನನ್ನ ದೃಷ್ಟಿಯಲ್ಲಿ ಈ ಹವ್ಯಾಸಕ್ಕೆ ಅಡಿಪಾಯ ಬಿದ್ದದ್ದು ಇಲ್ಲಿ. ಜೋಡಿಸುವುದು ಒಂದು ಬೇಸಿಗೆಯ ಕೆಲಸ, ಕಾಪಾಡಿಕೊಳ್ಳುವುದು ಜೀವನವಿಡೀ ಇರುವ ಕೆಲಸ.

1973ರ ಏಪ್ರಿಲ್ ಒಂದರಂದು ಪರ್ಚೇಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂತು. ಬಿಡಿಭಾಗಕ್ಕೂ ತೆರಿಗೆ ಬಿತ್ತು. ಚಾಪ್‌ಮನ್ನನಿಗೆ ಆ ಹೊತ್ತಿಗೆ ಸೆವೆನ್ ಬೇಡವಾಗಿತ್ತು. ಅವನ ಕಣ್ಣು ದುಬಾರಿ ಕಾರುಗಳ ಮೇಲೆ, ಫಾರ್ಮುಲಾ ಒನ್ ಮೇಲೆ. ಲೆಕ್ಕದ ಪ್ರಕಾರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದಂತೆ ನೋಡಿಕೊಂಡವರು ಗ್ರಹಾಂ ನಿಯರ್ನ್. ಸರ‍್ರೆ ಪ್ರಾಂತ್ಯದ ಕೇಟರ್‌ಹ್ಯಾಮ್‌ನಲ್ಲಿ ಲೋಟಸ್ ಮಾರುತ್ತಿದ್ದ ವ್ಯಾಪಾರಿ. ಅದೇ ವರ್ಷ ಸೆವೆನ್ನಿನ ಹಕ್ಕನ್ನು ಕೊಂಡರು. ಆಗ ತಯಾರಾಗುತ್ತಿದ್ದದ್ದು ಫೈಬರ್‌ಗ್ಲಾಸ್ ಮೈಯ ನಾಲ್ಕನೇ ಮಾದರಿ. ಅದನ್ನು 1974ರಲ್ಲಿ ಕೈಬಿಟ್ಟು ಅಲ್ಯೂಮಿನಿಯಂ ತಗಡಿನ ಮೂರನೇ ಮಾದರಿಗೇ ಮರಳಿದರು. ಗಿರಾಕಿಗೆ ಬೇಕಾದದ್ದು ಯಾವುದೆಂದು ಅವರಿಗೆ ತಿಳಿದಿತ್ತು. ಕೊಳವೆಯ ಚೌಕಟ್ಟು, ರಿವೆಟ್ ಹೊಡೆದ ತಗಡು, ಊರಿನ ಯಾವ ಅಂಗಡಿಯಲ್ಲೂ ಸಿಗುವ ಫೋರ್ಡ್ ಎಂಜಿನ್: ಇವಿದ್ದರೆ ಯಾವ ಭಾಗ ಕೆಟ್ಟರೂ ಮಾಲೀಕ ತಾನೇ ಸರಿಮಾಡಬಲ್ಲ. ತೆರಿಗೆ ಉಳಿಸಲು ಸ್ಪ್ಯಾನರ್ ಹಿಡಿದವರು, ಉಳಿಸಲು ತೆರಿಗೆಯೇ ಇಲ್ಲದಾಗಲೂ ಅದನ್ನು ಕೆಳಗಿಡಲಿಲ್ಲ.

1996ರಲ್ಲಿ ರಾನ್ ಚಾಂಪಿಯನ್ ಎಂಬವರು 250 ಪೌಂಡಿನಲ್ಲೇ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಅಳತೆ ಸಮೇತ ಪುಸ್ತಕ ಬರೆದರು. ಗುಜರಿಯ ಫೋರ್ಡ್ ಎಸ್ಕಾರ್ಟ್ ಒಂದು, ಒಂದಿಂಚಿನ ಚೌಕ ಪೈಪು, ಬೆಸುಗೆ ಯಂತ್ರ, ಇಷ್ಟೇ ಸಾಮಾನು. ಅದರಿಂದ ಹುಟ್ಟಿದ ‘ಲೋಕಾಸ್ಟ್’ ಕಾರುಗಳಿಗೆ 750 ಮೋಟಾರ್ ಕ್ಲಬ್ಬೇ ರೇಸು ನಡೆಸಿತು. ಆಸ್ಟಿನ್ನಿನ ಜಾಗಕ್ಕೆ ಎಸ್ಕಾರ್ಟ್ ಬಂದಿತ್ತು, ಅಷ್ಟೇ.

ಈಗ ಚೌಕಟ್ಟಿನ ಬಗ್ಗೆ ನಾಲ್ಕು ಮಾತು. ಇದು ನನ್ನ ಓದಿಗೂ ಹೊಂದುವ ವಿಷಯ. ನನ್ನ ಕಾರಿನ ಕೊಳವೆಗಳ ದಪ್ಪ ಒಂದೂಕಾಲು ಮಿಲಿಮೀಟರಿನ ಆಸುಪಾಸು. ಇಷ್ಟು ತೆಳು ಉಕ್ಕನ್ನು ಕರಗಿಸಿ ಬೆಸೆದರೆ ಕೀಲಿನ ಪಕ್ಕದ ಲೋಹ ಕಾಯಿಸಿದ್ದಕ್ಕೇ ಸೊರಗುತ್ತದೆ. ಅದಕ್ಕೇ ಹಂಟಿಂಗ್‌ಡನ್‌ನ ಆರ್ಚ್ ಮೋಟಾರ್ಸ್‌ನವರು ಈ ಚೌಕಟ್ಟುಗಳನ್ನು ಕಂಚಿನಿಂದ ಬೆಸೆಯುತ್ತಿದ್ದರು. ಕಂಚು ಕಡಿಮೆ ಶಾಖದಲ್ಲಿ ಕರಗಿ ಕೀಲಿನ ಸುತ್ತ ಹರಿದು ಹಿಡಿಯುತ್ತದೆ, ಉಕ್ಕು ಕರಗುವುದೇ ಇಲ್ಲ. ಬಣ್ಣ ಕೆರೆದ ಕಡೆ ಆ ಹೊಂಬಣ್ಣದ ಗೆರೆಯನ್ನು ಇವತ್ತಿಗೂ ನೋಡಬಹುದು.

ಈ ಚೌಕಟ್ಟಿನ ಶತ್ರು ಎಂದರೆ ಅಲ್ಯೂಮಿನಿಯಂ ತಗಡು ಉಕ್ಕಿನ ಕೊಳವೆಗೆ ತಾಗುವ ಜಾಗ. ಎರಡು ಬೇರೆ ಲೋಹ, ನಡುವೆ ಮಳೆಯ ನೀರು, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು. ತಗಡು ಒಳಗಿಂದ ಬಿಳಿ ಪುಡಿಯಾಗುತ್ತದೆ, ಕೊಳವೆಯ ಬಣ್ಣದ ಕೆಳಗೆ ತುಕ್ಕು ಹರಿದಾಡುತ್ತದೆ. ಮೇಲಿಂದ ಏನೂ ಕಾಣದು. ಅಪ್ಪ ಇಲ್ಲಿಗೆ ಬಂದಿದ್ದಾಗ ಗ್ಯಾರೇಜಿನಲ್ಲಿ ಕಾರಿನ ಮುಂದಿನ ಮೂತಿ ತೆಗೆದು ತೋರಿಸಿದೆ. ‘ಈ ಕಡ್ಡಿಗಳ ಮೇಲೆ ಕೂತು ಹೈವೇಗೆ ಹೋಗ್ತೀಯೇನೇ?’ ಎಂದರು. ‘ಭಾರವೆಲ್ಲ ಉದ್ದಕ್ಕೆ ಎಳೆಯುತ್ತೆ ಅಪ್ಪ, ಅಡ್ಡಡ್ಡ ಬಗ್ಗಿಸಲ್ಲ. ಫ್ಯಾಕ್ಟರಿ ಚಾವಣಿಯ ಟ್ರಸ್ ಇದೆಯಲ್ಲ, ಅದೇ ಲೆಕ್ಕ’ ಎಂದೆ. ಅವರು ಮುಂದೆ ಮಾತಾಡಲಿಲ್ಲ. ಸಣ್ಣ ಸ್ಪ್ಯಾನರ್ ಎತ್ತಿಕೊಂಡು ಕೊಳವೆಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ಎಡಗಡೆ ತಳದ ಒಂದು ಕೊಳವೆ ಉಳಿದವುಗಳಂತೆ ಟಣ್ ಅನ್ನಲಿಲ್ಲ, ಮಂಕಾಗಿ ಸದ್ದು ಮಾಡಿತು. ರಿವೆಟ್ ಕೊರೆದು ತಗಡು ಬಿಡಿಸಿದಾಗ ಒಳಗೆ ಅಂಗೈಯಗಲ ತುಕ್ಕು ಇತ್ತು. ಆ ತುಂಡನ್ನು ಕತ್ತರಿಸಿ ಹೊಸ ಕೊಳವೆ ಬೆಸೆಸಿದೆ.

ಕಾರ್ಬುರೇಟರ್‌ಗಳದು ಇನ್ನೊಂದು ವಿದ್ಯೆ. ಅವಳಿ ವೆಬರ್‌ಗಳು ಸಮನಾಗಿ ಗಾಳಿ ಎಳೆಯಬೇಕು. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ ಹಿಡಿದರೆ ಗಾಳಿಯ ಸುಯ್ಲು ಕೇಳುತ್ತದೆ. ಎರಡರ ಒಟ್ಟು ನಾಲ್ಕೂ ಬಾಯಿಗಳಲ್ಲಿ ಸುಯ್ಲು ಒಂದೇ ಶ್ರುತಿಗೆ ಬರುವ ತನಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಮೀಟರೂ ಸಿಗುತ್ತದೆ, ನಾನು ಕಿವಿಯನ್ನೇ ನಂಬುತ್ತೇನೆ.

ಹವ್ಯಾಸಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಇಲ್ಲಿ ಸರ್ಕಾರಿ ಪರೀಕ್ಷೆ ಇದೆ. 1998ರಲ್ಲಿ ಬಂದ ಪರೀಕ್ಷೆಯ ಜಾಗದಲ್ಲಿ 2009ರಿಂದ ಇನ್ನೂ ಬಿಗಿಯಾದದ್ದು ನಡೆಯುತ್ತಿದೆ. ಹೊರಗೆ ಚಾಚಿದ ಲೋಹದ ಅಂಚುಗಳು ಕೈ ಕೊಯ್ಯದಷ್ಟು ದುಂಡಗಿವೆಯೇ ಎಂದೂ ನೋಡುತ್ತಾರೆ. ಕಷ್ಟದ್ದೇ, ಆದರೆ ದಾರಿ ಎಂಬುದೊಂದಿದೆ. ನಮ್ಮ ದೇಶದಲ್ಲಿ ಹೊಸ ಮಾದರಿಯ ವಾಹನ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆ ದಾಟಬೇಕು. ಅದರ ಖರ್ಚು ಕಾರ್ಖಾನೆಗೆ ಸೈ, ಒಬ್ಬ ಫಿಟ್ಟರಿಗೆ ಅಲ್ಲ. ಇದ್ದ ಕಾರನ್ನೇ ಬದಲಿಸೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ರಸ್ತೆ ಸುರಕ್ಷತೆಯ ದೃಷ್ಟಿಯಿಂದ ಕಾಯ್ದೆಗೆ ಅದರದೇ ಕಾರಣವಿದೆ. ಆದರೂ ಭದ್ರಾವತಿ, ಶಿವಮೊಗ್ಗದ ಎರಕದ ಶೆಡ್ಡುಗಳಲ್ಲಿ, ಲೇತ್ ಅಂಗಡಿಗಳಲ್ಲಿ ನಾನು ನೋಡಿ ಬೆಳೆದ ಕೈಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹಾರ್ನ್ಸಿಯ ಹುಡುಗರಿಗಿಂತ ಅವರು ಯಾವುದರಲ್ಲೂ ಕಡಿಮೆ ಇರಲಿಲ್ಲ.

ಇಲ್ಲಿ ಕಾರು ಕೈಬದಲಾಗುವಾಗ ಅದರ ಜೊತೆ ಒಂದು ಫೈಲೂ ಹೋಗುತ್ತದೆ. ಮೊದಲ ಮಾಲೀಕನ ರಶೀದಿಯಿಂದ ಹಿಡಿದು ಎಲ್ಲವೂ ಅದರಲ್ಲಿ ಇರುತ್ತದೆ. ಫೈಲಿಲ್ಲದ ಕಾರಿಗೆ ಬೆಲೆ ಕಡಿಮೆ. ನನಗೆ ಬಂದ ಫೈಲಿನಲ್ಲಿ 2000ದ ಜನವರಿಯಲ್ಲಿ ಸೀಸದ ಪೆಟ್ರೋಲ್ ನಿಂತಾಗ ಯಾರೋ ಗಟ್ಟಿ ವಾಲ್ವ್ ಸೀಟು ಹಾಕಿಸಿದ ಬಿಲ್ಲು ಇದೆ, ತಳದ ಚೌಕಟ್ಟಿನ ಚಿತ್ರ ಬರೆದು ರಿಪೇರಿ ಮಾಡಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿದ ಹಾಳೆ ಇದೆ. ಬ್ರಿಟನ್ನಿನ ತೆರಿಗೆ, ಇಂಧನ, ಸುರಕ್ಷತೆಯ ನೀತಿಗಳೆಲ್ಲ ಒಂದು ಪುಟ್ಟ ಕಾರಿನ ಮೇಲೆ ಹೇಗೆ ಬಂದು ಬಿದ್ದವು ಎಂಬುದಕ್ಕೆ ನಾನು ಕಂಡ ಅತ್ಯುತ್ತಮ ದಾಖಲೆ ಇದು. ಚಾಪ್‌ಮನ್ನನ ಕಾರುಗಳನ್ನು ಕಾಪಾಡುವವರು ಬೇಕಾದಷ್ಟು ಜನ ಇದ್ದಾರೆ, ಇಂಥ ಫೈಲುಗಳನ್ನು ಮಾತ್ರ ಯಾವ ಸಂಗ್ರಹಾಲಯವೂ ಇನ್ನೂ ಕೇಳಿಕೊಂಡು ಬಂದದ್ದನ್ನು ನಾನು ಕಂಡಿಲ್ಲ. 2021ರ ಸೆಪ್ಟೆಂಬರಿನಲ್ಲಿ ಶೇ. 10ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂತು, ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗತೊಡಗಿದವು. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಲ್ಲ ಪೈಪು ಬದಲಿಸಿ, ರಶೀದಿಯ ಹಿಂದೆ ಪೈಪಿನ ಅಳತೆ, ಗುಣಮಟ್ಟದ ಸಂಖ್ಯೆ ಬರೆದು ನಾನೂ ಫೈಲಿಗೆ ಸೇರಿಸಿದೆ.